ಗುರುವಾರದ ದೂರು

ಫೆಬ್ರವರಿ 6, ಮಂಗಳವಾರ

ಬರೆಯಬಾರದು ಅಂದುಕೊಂಡಿದ್ದೆ. ಆದರೆ ಯಾರ ಹತ್ತಿರ ಹೇಳಿಕೊಳ್ಳಲಿ? ಗಂಡ ಮಣ್ಣು ಸೇರಿ ವರ್ಷಗಳಾದವು. ಮಗಳು ಮಾರಿತ್ಸಾ ಗಡಿಯಾಚೆ, ವೆನೆಜುವೆಲಾದ ಮರಕೈಬೋದಲ್ಲಿ ಸಂಬಳಕ್ಕೆ ಯಾರದೋ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾಳೆ. ಊರಿನಲ್ಲಿ ಭಾನುವಾರದಿಂದ ಯಾರೂ ಯಾರೊಂದಿಗೂ ಬಾಯಿ ಬಿಡುತ್ತಿಲ್ಲ.

ಅವತ್ತು ಇಗರ್ಜಿಯಲ್ಲಿ ಪೂಜೆ ಮುಗಿದು ನಾವು ಹೊರಗೆ ಬರುವಷ್ಟರಲ್ಲಿ ಲಾರಿಗಳು ಬಂದು ನಿಂತಿದ್ದವು. ಮೈಮೇಲೆ ಸೈನ್ಯದ ಬಟ್ಟೆ, ಆದರೆ ಸೈನ್ಯದವರಲ್ಲ, ಗೆರಿಲ್ಲಾಗಳನ್ನು ಬೇಟೆಯಾಡುವ ಖಾಸಗಿ ಪಡೆಯವರು. ಎಲ್ಲರನ್ನೂ ಚೆಂಡಾಟದ ಬಯಲಿಗೆ ಅಟ್ಟಿದರು. ಮುಖಕ್ಕೆ ಬಟ್ಟೆ ಸುತ್ತಿಕೊಂಡ ಒಬ್ಬ ಗಂಡಸರ ಸಾಲಿನ ಮುಂದೆ ನಡೆಯುತ್ತ ಹೋದ. ಅವನು ಬೆರಳು ತೋರಿಸಿದವರನ್ನು ಮುಂದಕ್ಕೆ ಎಳೆದರು. ಒಬ್ಬ ದೋಣಿಯ ತಿಯೋಫಿಲೋ, ಇನ್ನೊಬ್ಬ ಔಷಧಿ ಅಂಗಡಿಯ ಆಬೆಲ್. ಗುಡ್ಡದ ಗೆರಿಲ್ಲಾಗಳನ್ನು ನದಿ ದಾಟಿಸಿದ್ದು ತಿಯೋಫಿಲೋನ ತಪ್ಪಂತೆ, ಅವರಿಗೆ ಜ್ವರದ ಮಾತ್ರೆ ಮಾರಿದ್ದು ಆಬೆಲ್‌ನ ತಪ್ಪಂತೆ. ಬಂದೂಕು ಹಿಡಿದು ಬಂದವನಿಗೆ ಇಲ್ಲ ಅನ್ನುವ ಧೈರ್ಯ ಈ ಊರಿನಲ್ಲಿ ಯಾರಿಗಿದೆ?

ತಿಯೋಫಿಲೋನನ್ನು ಗುಂಡಿಟ್ಟು ಕೊಂದರು. ಆಬೆಲ್‌ಗೆ ಗುಂಡು ಯಾಕೆ ದಂಡ ಮಾಡೋದು ಅಂತ ಮಚ್ಚು ತೆಗೆದರು. ಅವನ ತಾಯಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಕಣ್ಣು ಮುಚ್ಚಿಕೊಂಡವರ ಕೆನ್ನೆಗೆ ಬಂದೂಕಿನ ಹಿಡಿಯಿಂದ ತಿವಿಯುತ್ತಿದ್ದರು, ಎಲ್ಲರೂ ನೋಡಲೇಬೇಕಿತ್ತು. ನಾನೂ ನೋಡಿದೆ. ಪೂಜೆಗೆಂದು ಹಾಕಿಕೊಂಡಿದ್ದ ಬಿಳಿ ಚಪ್ಪಲಿಯ ತನಕ ರಕ್ತ ಹರಿದು ಬಂತು. ತಿಕ್ಕಿ ತೊಳೆದರೂ ಹೋಗಿಲ್ಲ.

ಕೊಲೆಗಡುಕರು. ಇವರ ವಂಶ ನಿರ್ವಂಶವಾಗಲಿ.

ಫೆಬ್ರವರಿ 10, ಶನಿವಾರ

ಇವರು ಹೋಗುವ ಹಾಗೆ ಕಾಣುವುದಿಲ್ಲ. ಆಬೆಲ್‌ನ ತಾಯಿಯನ್ನು ಓಡಿಸಿ ಅಂಗಡಿಯನ್ನೇ ಠಾಣೆ ಮಾಡಿಕೊಂಡಿದ್ದಾರೆ. ಇದ್ದ ಇಬ್ಬರು ಪೊಲೀಸರು ಅವತ್ತೇ ಮಾಯವಾದರು. ಇವರ ನಾಯಕನನ್ನು ಸೆರೆನೋ ಅನ್ನುತ್ತಾರೆ. ನಿಜವಾದ ಹೆಸರು ಹೆತ್ತವಳಿಗೆ ಗೊತ್ತಿರಬೇಕು. ದೂರದ ಬೆಟ್ಟಸೀಮೆಯವನು. ನಮ್ಮ ಕರಾವಳಿಯವರ ಹಾಗೆ ಅರ್ಧ ಮಾತು ನುಂಗುವುದಿಲ್ಲ, ಎಲ್ಲರಿಗೂ ತಾವು ಅನ್ನುತ್ತಾನೆ, ಹೆಂಗಸರನ್ನು ಅಮ್ಮನವರೇ ಅನ್ನುವ ಹಾಗೆ ದೊನ್ಯಾ ಅಂತ ಕರೆಯುತ್ತಾನೆ. ಬೆಳಿಗ್ಗೆ ನಾನು ಮಾರಲು ಕೂತಿದ್ದಲ್ಲಿಗೇ ಬಂದ.

“ಊರಲ್ಲಿ ತಮ್ಮ ಬೊಯ್ಯೋನೇ ಚೆನ್ನಾಗಿರೋದಂತೆ, ದೊನ್ಯಾ ಪೆತ್ರೋನಾ. ಆರು ಕೊಡ್ತೀರಾ?”

“ಮುಗಿದಿದೆ,” ಅಂದೆ. ನಸುಕಿನಲ್ಲಿ ಎದ್ದು ಮೆಕ್ಕೆಜೋಳ ಬೀಸಿ, ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಬೊಯ್ಯೋ ಬುಟ್ಟಿಯ ತುಂಬ ಹಬೆಯಾಡುತ್ತಿತ್ತು.

ಅವನು ಬುಟ್ಟಿ ನೋಡಿದ, ನನ್ನ ಮುಖ ನೋಡಿದ. “ಆಗಲಿ, ಇನ್ನೊಂದು ದಿನ ಬರ್ತೀನಿ,” ಅಂದು ಹೋದ.

ಪಕ್ಕದ ಮನೆಯ ವಿಲ್ಫ್ರಿದೋ ಬೇಲಿಯ ಆಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ. “ಕೊಮಾದ್ರೆ, ನಿಮಗೇನು ಬದುಕಿ ಬೇಜಾರಾಯ್ತಾ? ಆರು ಬೊಯ್ಯೋ ತಾನೇ, ಎಸೆದು ಕಳಿಸೋದಲ್ವಾ.”

“ಸತ್ರೂ ಆ ಕೈಗೆ ನನ್ನ ಹಿಟ್ಟು ಕೊಡಲ್ಲ ಕೊಂಪಾದ್ರೆ. ನೀನು ಸುಮ್ನಿರು.”

ಅವನ ಮಗಳು ಲೆದಿಸ್‌ಳ ಜ್ಞಾನಸ್ನಾನದಲ್ಲಿ ತಾಯಿಯ ಸ್ಥಾನದಲ್ಲಿ ನಿಂತು ಮಗುವನ್ನು ಎತ್ತಿಕೊಂಡವಳು ನಾನು. ಅಂದಿನಿಂದ ಅವನಿಗೂ ಅವನ ಹೆಂಡತಿ ನುರಿಸ್‌ಗೂ ನಾನು ಕೊಮಾದ್ರೆ, ಒಡಹುಟ್ಟಿದವಳಿಗಿಂತ ಹತ್ತಿರ; ಅವನು ನನಗೆ ಕೊಂಪಾದ್ರೆ. ಹುಡುಗಿಗೆ ಈಗ ಹದಿನಾರು ತುಂಬಿದೆ.

ಫೆಬ್ರವರಿ 26, ಸೋಮವಾರ

ಕಾರ್ನಿವಲ್ ಹಬ್ಬ. ಸತ್ತವರ ಒಂಬತ್ತು ದಿನದ ಪ್ರಾರ್ಥನೆ ಮುಗಿದಿದ್ದು ಮೊನ್ನೆ ಮೊನ್ನೆ. ಈ ವಿಲ್ಫ್ರಿದೋ ತನ್ನ ಪಿಕೋ ಹೊರಗೆ ಎಳೆದಿದ್ದಾನೆ. ಗೋಡೆಯಷ್ಟೆತ್ತರದ ಹಾಡಿನ ಪೆಟ್ಟಿಗೆ, ಮುಂಭಾಗಕ್ಕೆ ಬಾಯಿ ತೆರೆದ ಹುಲಿಯ ಚಿತ್ರ, ಹೆಸರೂ ಹುಲಿಯೇ. ಶುಕ್ರವಾರದಿಂದ ಒಂದೇ ಸಮನೆ ಬಡಿಯುತ್ತಿದೆ. ನನ್ನ ಮನೆಯ ತಗಡು, ಪಾತ್ರೆ, ಎದೆ ಎಲ್ಲ ನಡುಗುತ್ತಿವೆ. ಹೋಗಿ ಕೇಳಿದೆ.

“ಸ್ವಲ್ಪ ಸಣ್ಣ ಮಾಡೋ. ಮೂರು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ.”

“ಸಣ್ಣ ಮಾಡಿದ್ರೆ ಹುಲಿ ಹೋಗಿ ಬೆಕ್ಕಾಗುತ್ತೆ ಕೊಮಾದ್ರೆ. ನೀವೇ ಬಂದು ಒಂದು ಸುತ್ತು ಕುಣೀರಿ. ಸೊಂಟ ಸಡಿಲ ಆದ್ರೆ ನಿದ್ದೆ ತಾನಾಗೇ ಬರುತ್ತೆ.”

ಕುಡಿದವರೆಲ್ಲ ನಕ್ಕರು. ನುರಿಸ್ ಕೂಡ ನಕ್ಕಳು. ನನ್ನ ಮುಖ ನೋಡಿ ಅವನು ಹತ್ತಿರ ಬಂದ, ದನಿ ತಗ್ಗಿಸಿದ. “ತಪ್ಪು ತಿಳ್ಕೋಬೇಡಿ. ಇದು ನಿಂತ್ರೆ ಅವರ ಬೂಟಿನ ಸದ್ದು ಕೇಳುತ್ತೆ. ನನ್ನ ಕೈಲಾಗಲ್ಲ ಅದನ್ನ ಕೇಳೋಕೆ.”

ಅವನಿಗೆ ಬೂಟು ಕೇಳಿಸಬಾರದು ಅಂತ ನಾನು ನಿದ್ದೆಗೆಟ್ಟು ಸಾಯಬೇಕು. ನುರಿಸ್ ನಕ್ಕಿದ್ದು ಮಾತ್ರ ಇನ್ನೂ ಚುಚ್ಚುತ್ತಿದೆ.

ಮಾರ್ಚ್ 8, ಗುರುವಾರ

ಆಬೆಲ್‌ನ ಅಂಗಡಿಯ ಮುಂದೆ ಇವತ್ತು ಸಾಲು. ಗುರುವಾರ ಗುರುವಾರ ಸೆರೆನೋ ಊರಿನವರ ದೂರು ಕೇಳುತ್ತಾನಂತೆ. ಆಬೆಲ್ ಮಾತ್ರೆ ಅಳೆದು ಕೊಡುತ್ತಿದ್ದ ಅದೇ ಕಟ್ಟೆಯ ಹಿಂದೆ ಕೂತು. ಕೋಳಿ ಕಳೆದುಕೊಂಡವಳು, ಗಂಡನಿಂದ ಒದೆ ತಿಂದವಳು, ಬೇಲಿ ಜಗಳದವರು. ನಾಚಿಕೆಗೆಟ್ಟ ಜನ. ಸತ್ತವನ ರಕ್ತ ಬಯಲಿನಲ್ಲಿ ಇನ್ನೂ ಕಪ್ಪಗಿದೆ, ಇವರಿಗೆ ಕೋಳಿಯ ಚಿಂತೆ.

ಕೋಳಿ ಸಂಜೆಯೊಳಗೆ ಸಿಕ್ಕಿತಂತೆ. ಹೆಂಡತಿಗೆ ಹೊಡೆಯುತ್ತಿದ್ದ ಎಬೆರ್ತೋನ ಎರಡು ಕೈಗಳನ್ನೂ ಮುರಿದಿದ್ದಾರಂತೆ. ಪೊಲೀಸರಿದ್ದಾಗ ಆ ಹೆಂಗಸು ಎಷ್ಟು ಸಲ ಠಾಣೆಗೆ ಅಲೆದಿದ್ದಳೋ.

ಮಾರ್ಚ್ 15, ಗುರುವಾರ

ಹೋಗಿ ಬಂದೆ. ಬರೀ ಹೇಳಿ ಬರೋಣ ಅಂತ ಅಷ್ಟೆ. ಮೂರು ವಾರದಿಂದ ಸರಿಯಾಗಿ ಮಲಗಿಲ್ಲ, ನಿನ್ನೆ ಬೊಯ್ಯೋ ತೆಗೆಯುವಾಗ ತೂಕಡಿಸಿ ಕುದಿಯುವ ನೀರು ಕೈಮೇಲೆ ಸುರಿದುಕೊಂಡೆ. ಚರ್ಮ ಸುಲಿದಿದೆ. ಬೇಲಿಯಾಚೆ ಆ ಹುಲಿ ಕುಣಿಯುತ್ತಲೇ ಇತ್ತು.

ಸೆರೆನೋ ಎದ್ದು ನಿಂತು ಕುರ್ಚಿ ಕೊಟ್ಟ. ಕೈ ನೋಡಿ, ಅಲ್ಲೇ ಕಪಾಟಿನಿಂದ ಮುಲಾಮು ತೆಗೆಸಿ ಹಚ್ಚಿಸಿದ.

“ಇಷ್ಟು ದಿನ ಹೇಗೆ ತಡಕೊಂಡ್ರಿ ದೊನ್ಯಾ? ಏನು ಮಾಡಬೇಕು ಅಂತೀರಿ?”

“ಸದ್ದು ಕಮ್ಮಿ ಮಾಡ್ಸಿದ್ರೆ ಸಾಕು.”

“ಅಷ್ಟೇನಾ?”

“ಅಷ್ಟೇ. ನನ್ನ ಕೊಂಪಾದ್ರೆ ಅವನು. ಕೆಟ್ಟವನಲ್ಲ, ತಲೆಹರಟೆ.”

“ತಲೆಹರಟೆಗೆ ನಮ್ಮ ಹತ್ರ ಮದ್ದಿದೆ,” ಅಂದು ನಕ್ಕ. ನಾಳೆ ಆರು ಬೊಯ್ಯೋ ಕಳಿಸುತ್ತೇನೆ ಅಂದೆ. ಬಾಯಿಗೆ ಬಂದುಬಿಟ್ಟಿತು. ಮುಲಾಮು ಹಚ್ಚಿಸಿದವನಿಗೆ ಅಷ್ಟೂ ಹೇಳದೆ ಎದ್ದು ಬರುವುದು ಹೇಗೆ?

ಮಾರ್ಚ್ 17, ಶನಿವಾರ

ವಿಲ್ಫ್ರಿದೋನ ಕೈಗೆ ಪೊರಕೆ ಕೊಟ್ಟು ದೊಡ್ಡ ಬೀದಿಯ ಈ ತುದಿಯಿಂದ ಆ ತುದಿಗೆ ಕಸ ಗುಡಿಸಲು ಹಚ್ಚಿದ್ದರು. ಮೈಮೇಲೆ ಒಳಚಡ್ಡಿ ಬಿಟ್ಟು ಏನಿಲ್ಲ, ಬರಿಗಾಲು, ನೆತ್ತಿಯ ಮೇಲೆ ಬಿಸಿಲು. ಕೊರಳಿಗೆ ಹಲಗೆ: “ನೆರೆಯವರನ್ನು ಗೌರವಿಸದವನು ನಾನು.” ನಿಂತಾಗಲೆಲ್ಲ ತಂತಿಯಿಂದ ಬೆನ್ನಿಗೆ ಬಾರಿಸುತ್ತಿದ್ದರು. ಲೆದಿಸ್ ನೀರು ತಂದಳು, ಚೊಂಬನ್ನು ಒದ್ದು ಉರುಳಿಸಿದರು. ನಾನು ಕಿಟಕಿಯ ಸಂದಿನಿಂದ ನೋಡಿದೆ. ಹುಡುಗಿ ಉರುಳಿದ ಚೊಂಬು ಎತ್ತಿಕೊಂಡು ನೇರ ನನ್ನ ಕಿಟಕಿಯ ಕಡೆಗೇ ತಿರುಗಿದಳು.

ನಾನು ಗುಡಿಸಿಸಿ ಅಂದಿರಲಿಲ್ಲ. ಆದರೂ ಒಂದು ದಿನ ಬೀದಿ ಗುಡಿಸಿದರೆ ಯಾರೂ ಸಾಯುವುದಿಲ್ಲ.

ಮಾರ್ಚ್ 18, ಭಾನುವಾರ

ಮಲಗಿದೆ. ಎಂಥ ನಿದ್ದೆ.

ಏಪ್ರಿಲ್ 12, ಪವಿತ್ರ ಗುರುವಾರ

ಈ ವಾರ ಮನೆಮನೆಗೂ ಸಿಹಿ ಹಂಚುವುದು ನಮ್ಮಲ್ಲಿ ಬಿಟ್ಟವರಿಲ್ಲ. ಪಪ್ಪಾಯಿಯದು, ತೊಗರಿಯದು, ಗೆಣಸಿನದು, ಎಲ್ಲ ನಾನೇ ಕೂತು ಕಾಯಿಸಿದೆ. ಮೊದಲ ತಟ್ಟೆ ಎಂದಿನಂತೆ ನುರಿಸ್‌ಗೆ. ಅವಳು ಬಾಗಿಲು ಅರ್ಧ ತೆರೆದಳು.

“ನಮ್ಮನೇಲಿ ಈ ವರ್ಷ ಸಿಹಿ ಇಲ್ಲ, ದೊನ್ಯಾ ಪೆತ್ರೋನಾ.”

“ದೊನ್ಯಾ ಅಂತೆ. ನಾನು ನಿನಗೆ ಯಾವತ್ತಿಂದ ದೊನ್ಯಾ ಆದೆ?”

“ಅವರ ಬೆನ್ನು ಇನ್ನೂ ಮಾಗಿಲ್ಲ,” ಅಂದು ಬಾಗಿಲು ಹಾಕಿಕೊಂಡಳು.

ಹದಿನಾರು ವರ್ಷದ ನಂಟು. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತವಳ ಕಣ್ಣಲ್ಲಿ ನೀರು ಬಂತು. ತಟ್ಟೆ ತಿರುಗಿ ಒಳಗೆ ಒಯ್ಯಲು ಮನಸ್ಸಾಗದೆ ಮೂಲೆಯಲ್ಲಿ ಕಾವಲಿದ್ದ ಹುಡುಗರಿಗೆ ಕೊಟ್ಟೆ. ಪಾಪ, ಯಾವ ತಾಯಿ ಹೆತ್ತ ಮಕ್ಕಳೋ, ಹಬ್ಬದ ದಿನ ಬಿಸಿಲಲ್ಲಿ ನಿಂತಿದ್ದವು. ತಟ್ಟೆ ತೊಳೆದು ತಂದು ಕೊಟ್ಟರು.

ನಿನ್ನೆ ಮರಗೆಣಸು ಕದ್ದವನೊಬ್ಬನ ಹೆಣವನ್ನು ಸೇತುವೆಯ ಮೇಲೆ ಹಾಕಿದ್ದರು, ಬಾಯಿಗೆ ಗೆಣಸು ತುರುಕಿ. ಅತಿಯಾಯಿತು ನಿಜ. ಆದರೆ ಈಗ ಬಾಗಿಲು ತೆರೆದಿಟ್ಟು ಮಲಗಬಹುದು, ಅದನ್ನೂ ಹೇಳಬೇಕು. ತಮ್ಮ ಪಾಡಿಗೆ ಇದ್ದವರ ತಂಟೆಗೆ ಅವರು ಬರುವುದಿಲ್ಲ.

ಏಪ್ರಿಲ್ 27, ಶುಕ್ರವಾರ

ಸೆರೆನೋ ಈಗ ದಿನ ಬಿಟ್ಟು ದಿನ ಬರುತ್ತಾನೆ. ಜಗಲಿಯ ತೂಗುಕುರ್ಚಿಯಲ್ಲಿ ಕೂತು ಕಪ್ಪು ಕಾಫಿ ಕುಡಿಯುತ್ತಾನೆ. ಬಂದೂಕನ್ನು ಬಾಗಿಲ ಹೊರಗೇ ಒರಗಿಸಿಡುತ್ತಾನೆ, ಹೇಳಿಕೊಡಬೇಕಾಗಿಲ್ಲ. ನನ್ನ ಕೈಯ ಕಾಫಿ ಅವನ ತಾಯಿಯ ಕಾಫಿಯ ಹಾಗೇ ಇದೆಯಂತೆ. ಇವತ್ತು ಬೇಲಿಯ ಕಡೆ ನೋಡುತ್ತ ಕೇಳಿದ:

“ಈ ಹುಲಿ ಮೊದಲು ಗುಡ್ಡಕ್ಕೂ ಹೋಗ್ತಿತ್ತಂತೆ?”

“ಹೋಗದೆ ಏನು. ಬಾಡಿಗೆ ಕೊಟ್ಟೋರ ಹತ್ರ ಎಲ್ಲ ಹೋಗ್ತಿತ್ತು. ಒಂದು ಕ್ರಿಸ್ಮಸ್‌ಗೆ ಕತ್ತೆ ಮೇಲೆ ಹೇರಿಕೊಂಡು ಹತ್ತಿ, ಆ ಗೆರಿಲ್ಲಾಗಳನ್ನ ಮೂರು ದಿನ ಕುಣಿಸಿ ಬಂದಿದ್ದ. ಬಂದು ಒಂದು ವಾರ ಅದೇ ಕಥೆ ಹೇಳ್ತಿದ್ದ.”

ಅವನೂ ನಕ್ಕ, ನಾನೂ ನಕ್ಕೆ. ಊರಿಗೆಲ್ಲ ಗೊತ್ತಿರುವ ವಿಷಯ. ಇನ್ನೊಂದು ಲೋಟ ಕಾಫಿ ಕುಡಿದು ಹೋದ.

ಮೇ 8, ಮಂಗಳವಾರ

ವಾರದ ನಡುವೆ, ನಡುಮಧ್ಯಾಹ್ನ, ಆ ಹುಲಿ ಮತ್ತೆ ಕಿರುಚುತ್ತಿದೆ. ಮೊದಲಿಗಿಂತ ಜೋರು. ಒಂದೇ ಹಾಡು, ಮುಗಿದ ಕೂಡಲೇ ಮತ್ತೆ ಅದೇ. ಗೋಡೆಯ ಮೇಲಿನ ಗಂಡನ ಫೋಟೋ ಅಲುಗಾಡುತ್ತಿದೆ. ಎಷ್ಟು ಹೇಳಿದರೂ ಇವನಿಗೆ ಬುದ್ಧಿ ಬರುವುದಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡು, ಕಿಟಕಿ ಮುಚ್ಚಿಕೊಂಡು ಬರೆಯುತ್ತಿದ್ದೇನೆ. ಗುರುವಾರ ಬರಲಿ.

ಮೇ 9, ಬುಧವಾರ

ಹಾಡು ಹಾಕಿದ್ದು ವಿಲ್ಫ್ರಿದೋ ಅಲ್ಲ.

ಅವನನ್ನು ಅವನದೇ ಅಂಗಳದ ಮಾವಿನ ಮರಕ್ಕೆ ಕಟ್ಟಿದ್ದರಂತೆ. ಕೂಗು ಬೀದಿಗೆ ಕೇಳಬಾರದೆಂದು ಪಿಕೋ ಹಾಕಿದ್ದರು. ಮೊದಲು ಬೆರಳುಗಳು, ಆಮೇಲೆ ಕಿವಿ. ನುರಿಸ್‌ಳನ್ನೂ ಲೆದಿಸ್‌ಳನ್ನೂ ಒಳಗೆ ಕೂಡಿ ಬಾಗಿಲಲ್ಲಿ ಒಬ್ಬ ಕೂತಿದ್ದ. ಗುಡ್ಡದ ದಾರಿ ಕೇಳಿದರಂತೆ, ಯಾರು ಕರೆದರು, ಯಾರು ದುಡ್ಡು ಕೊಟ್ಟರು ಅಂತ. ಹಾಡು ಎಷ್ಟು ಸಲ ತಿರುಗಿತೋ ಅಷ್ಟು ಹೊತ್ತು ಬದುಕಿದ್ದನಂತೆ. ಕೊನೆಗೆ ಅವನಿಗೂ ಗುಂಡು, ಹುಲಿಯ ತೆರೆದ ಬಾಯಿಗೂ ಗುಂಡು.

ಬೆಳಿಗ್ಗೆ ಬೇಲಿಯ ಸಂದಿನಿಂದ ನೋಡಿದೆ. ಮರದ ಬುಡದಲ್ಲಿ ನಮ್ಮ ಕೋಳಿಗಳು ಏನನ್ನೋ ಕುಕ್ಕುತ್ತಿದ್ದವು. ಓಡಿಸಲು ಹೋಗಿ ಅಲ್ಲೇ ವಾಂತಿ ಮಾಡಿಕೊಂಡೆ. ಹೆಣವನ್ನು ನದಿಗೆ ಹಾಕಿದ್ದಾರೆ. ನದಿಗೆ ಹಾಕಿದ್ದನ್ನು ಯಾರೂ ಎತ್ತುವಂತಿಲ್ಲ, ಎತ್ತಿದವರೂ ಅದೇ ದಾರಿ ಹಿಡಿಯಬೇಕು. ನುರಿಸ್ ದಡದಲ್ಲಿ ಹೆಣದ ಜತೆಜತೆಗೇ ಓಡಿದಳಂತೆ, ತಿರುವಿನವರೆಗೆ.

ನಾನು ಸದ್ದಿನ ಬಗ್ಗೆ ಮಾತ್ರ ಹೇಳಿದ್ದು. ಇದು ಗುಡ್ಡದ ವಿಷಯ, ಬೇರೆ. ಸೆರೆನೋ ತಾನೇ ಬಂದು ಹೇಳಿದ: “ತಾವು ಮನಸ್ಸಿಗೆ ಹಚ್ಕೋಬೇಡಿ ದೊನ್ಯಾ. ಇದಕ್ಕೂ ತಮಗೂ ಸಂಬಂಧ ಇಲ್ಲ.” ಅವನೇ ಹೇಳಿದ ಮೇಲೆ ಇನ್ನೇನು. ವಿಲ್ಫ್ರಿದೋನೂ ಅಷ್ಟು ಬಾಯಿಬಡುಕನಾಗಬಾರದಿತ್ತು.

ಕಾಫಿ ಬಿಟ್ಟು ಹೊಟ್ಟೆಗೆ ಏನೂ ಇಳಿದಿಲ್ಲ.

ಮೇ 13, ಭಾನುವಾರ

ತಾಯಂದಿರ ದಿನ. ಟೆಲಿಫೋನ್ ಕಚೇರಿಯಲ್ಲಿ ಊರಿಗೆ ಊರೇ ಸೇರಿತ್ತು. ಹುಡುಗರು ನನ್ನನ್ನು ನೋಡಿ ಸಾಲಿನ ಮುಂದಕ್ಕೆ ಬಿಟ್ಟರು. ನಿಂತವರು ದಾರಿ ಬಿಟ್ಟು ಸರಿದರು. ಮಾರಿತ್ಸಾಳ ಯಜಮಾನಿ ಹೊರಗೆ ಹೋಗುವಾಗ ಬೀರುವಿಗೆ ಬೀಗ ಹಾಕಿಕೊಂಡು ಹೋಗುತ್ತಾಳಂತೆ. ಕೊಲಂಬಿಯಾದವರು ಅಂದರೆ ಕಳ್ಳರು, ಇಲ್ಲ ಕೊಲೆಗಾರರು ಅಂತ ಅಲ್ಲಿ ಮಾತು.

“ಬಂದುಬಿಡು ಮಗಳೇ. ಇಲ್ಲಿ ಈಗ ನೆಮ್ಮದಿಯಾಗಿದೆ. ಬಾಗಿಲು ಹಾಕದೆ ಮಲಗ್ತೀವಿ.”

“ಅಮ್ಮ, ವಿಲ್ಫ್ರಿದೋ ಮಾವನ ಸುದ್ದಿ ಇಲ್ಲೀವರೆಗೆ ಬಂದಿದೆ. ನಿಜಾನಾ?”

“ಗುಡ್ಡದೋರ ಜತೆ ಏನೋ ಇತ್ತಂತೆ.”

“ಯಾರು ಹೇಳಿದ್ದು?”

“ಹುಡುಗರು.”

“ಯಾವ ಹುಡುಗರು?” ಅಂದಳು. ನಾನು ಹೇಳುವಷ್ಟರಲ್ಲಿ ಅವಳಿಗೇ ಹೊಳೆಯಿತು. “ಆಬೆಲ್‌ನನ್ನ ಮಚ್ಚಲ್ಲಿ ಕಡಿದೋರನ್ನ ಹುಡುಗರು ಅಂತೀಯಾ? ಅಮ್ಮ, ನಿನಗೇನಾಗಿದೆ?”

ಆಮೇಲೆ ಲೈನು ಕಟ್ಟಾಯಿತು. ಆ ದೇಶದ ಫೋನುಗಳು ಯಾವಾಗಲೂ ಹೀಗೇ. ಅಷ್ಟು ದೂರ ಕೂತವಳಿಗೆ ಇಲ್ಲಿನದು ಏನು ತಿಳಿಯಬೇಕು?

ಜೂನ್ 6, ಬುಧವಾರ

ನುರಿಸ್ ಬಂದಿದ್ದಳು. ಹಿತ್ತಲ ಬಾಗಿಲಿಂದ, ಬಟ್ಟೆ ಒಣಗಿಸುವ ನೆಪ ಮಾಡಿಕೊಂಡು. ಗುರುತೇ ಸಿಗದಷ್ಟು ಸೊರಗಿದ್ದಾಳೆ.

“ಕೊಮಾದ್ರೆ,” ಅಂದಳು. ಮಾರ್ಚಿನಿಂದ ಈಚೆಗೆ ಇದೇ ಮೊದಲು. “ಶನಿವಾರದಿಂದ ಲೆದಿಸ್‌ಳನ್ನ ಅಡುಗೆಗೆ ಕಳಿಸಬೇಕಂತೆ, ಅವರ ಮನೆಗೆ. ರಾತ್ರಿಯೂ ಅಲ್ಲೇ ಇರಬೇಕಂತೆ. ಅಡುಗೆಗೆ ಅಂತ ಹೋದ ತೆರೆಸಾ ಮಗಳು ಹೇಗೆ ತಿರುಗಿ ಬಂದ್ಲು, ನೀವೂ ನೋಡಿದೀರಿ.”

ನೋಡಿದ್ದೇನೆ. ಎದೆಯ ತುಂಬ ಸಿಗರೇಟಿನ ಸುಟ್ಟ ಗಾಯ, ಬಾಯಲ್ಲಿ ಮಾತಿಲ್ಲ.

“ನೀರು ಹಾಕೋವಾಗ ಎತ್ತಿಕೊಂಡಿದ್ದು ನೀವು. ನಾನು ಸತ್ರೆ ಅವಳಿಗೆ ನೀವೇ ತಾಯಿ ಅಂತ ಪಾದ್ರಿ ಮುಂದೆ ಒಪ್ಪಿದೀರಿ. ಅವನು ನಿಮ್ಮ ಮಾತು ಕೇಳ್ತಾನೆ. ನನಗೆ ಬೇರೆ ಯಾರೂ ಇಲ್ಲ ಕೊಮಾದ್ರೆ. ಅವಳೊಬ್ಬಳೇ ಉಳಿದಿರೋದು.”

ಅವಳ ಕೈ ಹಿಡಿದುಕೊಂಡೆ. ಇಬ್ಬರೂ ಅತ್ತೆವು. ಎಷ್ಟು ದಿನವಾಗಿತ್ತು ಒಂದೇ ಬೆಂಚಿನ ಮೇಲೆ ಕೂತು. ನಾಳೆ ಗುರುವಾರ, ನಾನಿದ್ದೇನೆ ಅಂದೆ.

ಜೂನ್ 7, ಗುರುವಾರ

ನನಗೆ ಸಾಲು ನಿಲ್ಲುವ ಗೋಜಿಲ್ಲ. ನೇರ ಒಳಗೆ ಹೋದೆ. ಲೆದಿಸ್ ನನ್ನ ಮಗಳಿದ್ದ ಹಾಗೆ, ಅವಳನ್ನು ರಾತ್ರಿ ಅಲ್ಲಿ ಬಿಡಲಾರೆ ಅಂದೆ. ಸೆರೆನೋ ಕುರ್ಚಿ ತೋರಿಸಿದ.

“ತಾವು ಕೇಳಿದ ಮೇಲೆ ಇಲ್ಲ ಅನ್ನಲಾ? ಹಗಲು ಬಂದು ಕೆಲಸ ಮಾಡಲಿ. ರಾತ್ರಿ ತಮ್ಮ ಮನೇಲಿ ಮಲಗಲಿ. ನನಗೂ ಹತ್ತಿರ.”

ಗೆದ್ದು ಬಂದ ಹಾಗಾಯಿತು. ಓಡುತ್ತ ಬಂದು ಬೇಲಿಯ ಮೇಲಿನಿಂದಲೇ ನುರಿಸ್‌ಗೆ ಹೇಳಿದೆ. ಅವಳು ಕೈಯಲ್ಲಿದ್ದ ಬಟ್ಟೆ ಹಿಂಡುತ್ತಲೇ ಇದ್ದಳು, ನೀರು ಮುಗಿದರೂ ಹಿಂಡುತ್ತಿದ್ದಳು.

“ರಾತ್ರಿ ನಿಮ್ಮ ಮನೇಲಿ,” ಅಂದಳು.

“ನನ್ನ ಕಣ್ಣ ಮುಂದೆ. ಇನ್ನೇನು ಬೇಕು ನಿನಗೆ?”

ನನ್ನ ಮುಖವನ್ನೇ ನೋಡಿದಳು. “ಆಗಲಿ ಕೊಮಾದ್ರೆ. ಉಪಕಾರ ಆಯ್ತು.”

ಜೂನ್ 9, ಶನಿವಾರ

ಹೋಗಿದ್ದಾರೆ. ತಾಯಿ ಮಗಳು ಇಬ್ಬರೂ. ಬೆಳಿಗ್ಗೆ ಹುಡುಗಿಯನ್ನು ಕರೆಯಲು ಹೋದರೆ ಬಾಗಿಲು ತೆರೆದಿದೆ, ಒಲೆ ತಣ್ಣಗಿದೆ. ಮೀನು ಹಿಡಿಯುವವರ ಯಾವುದೋ ದೋಣಿ ಹತ್ತಿರಬೇಕು. ಒಂದು ಮಾತು ಹೇಳಲಿಲ್ಲ. ನಾನು ಅವಳಿಗಾಗಿ ಅಲ್ಲಿಗೆ ಹೋಗಿ ಕೈಚಾಚಿ ಕೇಳಿದ್ದೆ. ನನ್ನ ಮಾತಿಗೆ ಬೆಲೆ ಇಲ್ಲದ ಹಾಗೆ ಮಾಡಿಬಿಟ್ಟಳು.

ಸೆರೆನೋ ಬಂದ. ಇವತ್ತು ಕೂರಲಿಲ್ಲ, ಬಂದೂಕನ್ನು ಹೊರಗೆ ಒರಗಿಸಲೂ ಇಲ್ಲ. ದನಿ ಮಾತ್ರ ಏರಿಸಲಿಲ್ಲ.

“ತಮ್ಮ ಮಾತಿನ ಮೇಲೆ ಬಿಟ್ಟಿದ್ದೆ ದೊನ್ಯಾ.”

ಅದು ಎದೆಗೆ ತಾಗಿತು. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

“ಎಲ್ಲಿಗೆ ಹೋಗಿರಬಹುದು ಅಂತೀರಿ?”

ನುರಿಸ್‌ಗೆ ಇರುವವಳು ಒಬ್ಬಳೇ ಅಕ್ಕ, ಸಿನ್ಸೆಲೆಹೋದಲ್ಲಿ. ದನದ ಸಂತೆಯ ಹಿಂದಿನ ಬೀದಿ, ನೀಲಿ ಗೇಟು, ಮುಂದೆ ಬಾದಾಮಿ ಮರ. ಅವಳ ಮದುವೆಗೆ ನಾನೂ ಹೋಗಿದ್ದೆ, ದಾರಿ ಚೆನ್ನಾಗಿ ನೆನಪಿದೆ. ಹೇಳಿದೆ. ಅವನು ಟೊಪ್ಪಿ ಮುಟ್ಟಿ ಉಪಕಾರ ಅಂದ.

ನಾಲ್ವರು ಹುಡುಗರು ಎರಡು ಬೈಕು ಹತ್ತಿ ಹೊರಟರು. ನಾನು ಬೀದಿಗೆ ಹೋಗಿ ಅವರನ್ನು ನಿಲ್ಲಿಸಿ, ದಾರಿಗೆ ಅಂತ ಬೊಯ್ಯೋ ಕಟ್ಟಿಕೊಟ್ಟೆ. ತಾಯಿಯ ವಿಷಯ ನಿಮಗೆ ಬಿಟ್ಟಿದ್ದು, ಹುಡುಗಿಯನ್ನು ಮಾತ್ರ ಜೋಪಾನವಾಗಿ ಕರಕೊಂಡು ಬನ್ನಿ ಅಂದೆ. ಆಗಲಿ ಅಮ್ಮ ಅಂದರು. ಎಷ್ಟು ಮರ್ಯಾದೆ.

ಮಾರಿತ್ಸಾಳ ಮಂಚ ಒರೆಸಿ, ಒಗೆದ ಹೊದಿಕೆ ಹಾಸಿಟ್ಟಿದ್ದೇನೆ. ಲೆದಿಸ್ ಬಂದು ಎರಡು ದಿನ ಅಳುತ್ತಾಳೆ. ಆಮೇಲೆ ಅಭ್ಯಾಸವಾಗುತ್ತದೆ.